ತಲೆಗೇರಿದ ಧಾರೆ ಸೀರೆ

ಅರಮನೆ ನೋಡಿ ಬಂದವರ ಬಾಯಿ ಕಟ್ಟುವುದು ಬ್ರಹ್ಮನಿಂದಲೂ ಆಗದ ಕೆಲಸ. ನಮ್ಮ ಚಳ್ಳಕೆರೆಯಲ್ಲಿ ಅಂಥವರು ನಾಲ್ಕೈದು ಜನ ಇದ್ದಾರೆ. ಒಬ್ಬರು ಕಂಬಗಳನ್ನು ವರ್ಣಿಸಲು ಹೊರಟರೆ ಊಟದ ಹೊತ್ತು ಮೀರುತ್ತದೆ. ಇನ್ನೊಬ್ಬರು ಹೇಳಿದ ಪ್ರತಿ ಸಲವೂ ಒಂದೆರಡು ಆನೆಗಳನ್ನು ಹೆಚ್ಚಿಗೆ ತಂದು ಕಟ್ಟುತ್ತಾರೆ. ನಾನೂ ಮೈಸೂರಿನ ಅರಮನೆಗೆ ಹೋಗಿ ಬಂದವನೇ. ಆದರೆ ಯಾರಾದರೂ "ಮೇಷ್ಟ್ರೇ, ನೀವೂ ಹೋಗಿದ್ರಲ್ಲ, ಹೆಂಗೈತೆ ಅರಮನೆ?" ಎಂದರೆ ಸಾಕು, ಎಲ್ಲಿಲ್ಲದ ಕೆಮ್ಮು ಬಂದುಬಿಡುತ್ತದೆ. ಕೆಮ್ಮಿನಿಂದ ಸಾಗದಿದ್ದರೆ ಶಾಲೆಯಲ್ಲಿ ಕೆಲಸವಿದೆ ಎಂದು ಎದ್ದು ಹೊರಡುತ್ತೇನೆ, ಅದು ಭಾನುವಾರವಾದರೂ ಸರಿ. ನಾಚಿಕೆ ಎನ್ನುವುದು ಕೆಲವರಿಗೆ ಆಗಿಂದಾಗಲೇ ಆಗಿ ಮುಗಿದು ಹೋಗುತ್ತದೆ. ಅವರು ಪುಣ್ಯವಂತರು. ನನಗೆ ಮಾತ್ರ ಇಂದಿಗೂ, ಕನ್ನಡಿಯ ಮುಂದೆ ನಿಂತು ರುಮಾಲು ಸುತ್ತುವಾಗೆಲ್ಲ ಕಿವಿ ಬಿಸಿಯಾಗುತ್ತದೆ.

ನನ್ನ ಉದ್ಯೋಗ ಮೇಷ್ಟ್ರುಗಿರಿ. ಮೈಸೂರು ಸೀಮೆಯ ಭೂಗೋಳ ನನ್ನ ವಿಶೇಷ ಪಾಠ. ಹೊಸ ಅರಮನೆಯ ಗೋಪುರ, ದರ್ಬಾರು ಹಜಾರ, ಬಣ್ಣದ ಗಾಜಿನ ಚಾವಣಿ ಇವನ್ನೆಲ್ಲ ನಾನು ಬೆತ್ತ ಆಡಿಸುತ್ತ ಎಷ್ಟು ಸೊಗಸಾಗಿ ವಿವರಿಸುತ್ತಿದ್ದೆನೆಂದರೆ, ನಾನು ಅಲ್ಲಿಗೆ ಹೋಗಿಯೇ ಇಲ್ಲ ಎಂಬುದು ಆ ಹೊತ್ತಿಗೆ ನನಗೇ ಮರೆತುಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಮಹಾರಾಜರಿಗೂ ನನಗೂ ಇದ್ದ ಸಂಬಂಧ ದನಗಳ ಮೂಲಕ. ಉಳ್ಳಾರ್ತಿ ಕಾವಲಿನಲ್ಲಿ ಮೇಯುವ ಅಮೃತಮಹಲ್ ರಾಸುಗಳು ಸರ್ಕಾರದವು. ಒಮ್ಮೆ ಅವುಗಳಲ್ಲಿ ಒಂದು ಹೋರಿ ನನ್ನನ್ನು ಜಾಲಿಮರ ಹತ್ತಿಸಿತ್ತು. ಅದೊಂದೇ ನನ್ನ ರಾಜಸೇವೆ. ಹೀಗಿರುವಾಗ ಮೈಸೂರಿನಲ್ಲಿ ಗುಮಾಸ್ತೆಯಾಗಿದ್ದ ಹಳೆಯ ಸಹಪಾಠಿಯೊಬ್ಬ, ದರ್ಬಾರಿಲ್ಲದ ಒಂದು ದಿನ ಒಳಗೆ ಹೋಗಿ ನೋಡಲು ನಮ್ಮಿಬ್ಬರಿಗೆ ಚೀಟಿ ಕೊಡಿಸಿದ. ಇಬ್ಬರು ಎಂದರೆ ನಾನು ಮತ್ತು ನನ್ನ ಹೆಂಡತಿ ಸುಬ್ಬಮ್ಮ.

ಸುಬ್ಬಮ್ಮನ ತವರು ಮೊಳಕಾಲ್ಮೂರು. ಅವಳ ಅಪ್ಪ, ಅಂದರೆ ನಮ್ಮ ಮಾವನವರು, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವವರು. ನಮ್ಮದೂ ನೇಕಾರರ ಮನೆತನವೇ, ಆದರೆ ನಮ್ಮ ಅಪ್ಪನ ಕಾಲಕ್ಕೇ ಮಗ್ಗ ನಿಂತು ನಾವು ಅಕ್ಷರಸ್ಥರಾದೆವು. ಅದರ ಜಂಬ ನನಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು. ಮಗಳ ಮದುವೆಗೆ ಮಾವನವರು ತಾವೇ ಕುಳಿತು ಒಂದು ಧಾರೆ ಸೀರೆ ನೇಯ್ದಿದ್ದರು. ಕೆಂಪು ಒಡಲು, ಹಸಿರು ಅಂಚು, ಸೆರಗಿನ ತುಂಬ ಜರಿಯ ಮಾವಿನಕಾಯಿ. ನಾವು ಮೈಸೂರಿಗೆ ಹೊರಡುವ ಸುದ್ದಿ ಕೇಳಿ ಅವರು ಚಳ್ಳಕೆರೆಗೇ ಬಂದರು. ಮನೆಮಾತು ತೆಲುಗಾದರೂ ಅಳಿಯ ಮೇಷ್ಟ್ರೆಂದು ನನ್ನ ಮುಂದೆ ಕನ್ನಡವನ್ನೇ ಆಡುತ್ತಾರೆ. "ನಮ್ ಕೈಲಿ ನೇಯ್ದಿದ್ದು ಎಷ್ಟೋ ಅರಮನೆಗೆ ಹೋಗೈತೆ. ಅದನ್ನ ಯಾರ್ ಉಟ್ರೋ, ಹೆಂಗ್ ಕಾಣ್ತೋ, ನಮಗೇನ್ ಗೊತ್ತು? ನಮ್ ಮನೆ ಹೆಣ್ಮಗಳು ಒಬ್ಳೂ ಅದನ್ನ ಉಟ್ಕಂಡು ಅಲ್ಲಿ ಕಾಲಿಟ್ಟಿಲ್ಲ. ನೀ ಉಟ್ಕಂಡ್ ಹೋಗಿ ಬಾರವ್ವಾ, ನಂಗಷ್ಟೇ ಸಾಕು" ಎಂದರು. ಸುಬ್ಬಮ್ಮ ಕಣ್ಣೊರೆಸಿಕೊಂಡು ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕಿಟ್ಟಳು.

ಎತ್ತಿನ ಗಾಡಿಯಲ್ಲಿ ಚಿತ್ರದುರ್ಗ ದಾಟಿ, ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ನಾನು ಅವಳಿಗೆ ನಡತೆಯ ಪಾಠ ಮಾಡಿದೆ. ಅರಮನೆಯಲ್ಲಿ ಗಟ್ಟಿಯಾಗಿ ಮಾತಾಡಬಾರದು, ಕಂಡದ್ದನ್ನೆಲ್ಲ ಮುಟ್ಟಬಾರದು, ಮುಖ್ಯವಾಗಿ ತೆಲುಗು ಆಡಕೂಡದು. "ಆಯ್ತು ಕಣ್ರಿ" ಎಂದು ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ರೈಲಿನ ಕಿಟಕಿಯಿಂದ ತಲೆ ಹೊರಗೆ ಹಾಕಬಾರದು, ಕಣ್ಣಿಗೆ ಕೆಂಡದ ಪುಡಿ ಬೀಳುತ್ತದೆ ಎಂದೂ ಹೇಳಿದ್ದೆ. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಕಾವೇರಿ ನದಿಯ ಕವಲುಗಳನ್ನು ಅವಳಿಗೆ ಸರಿಯಾಗಿ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ನಾನೇ ತಲೆ ಹೊರಗೆ ಹಾಕಿದೆ. ಗಾಳಿ ಬಂದದ್ದು ಗೊತ್ತು. ರುಮಾಲು ಹೋದದ್ದೂ ಗೊತ್ತು. ಅದು ನೀರಿನ ಮೇಲೆ ಸ್ವಲ್ಪ ದೂರ ನೆಟ್ಟಗೆ ತೇಲಿತು. ಸುಬ್ಬಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಇನ್ನೊಂದು ಕಿಟಕಿಯ ಕಡೆ ತಿರುಗಿದಳು.

ಬರಿತಲೆಯಲ್ಲಿ ಅರಮನೆಯೊಳಗೆ ಬಿಡುವುದಿಲ್ಲ. ಆ ಕಾಲದಲ್ಲಿ ಬರಿತಲೆಯ ಗಂಡಸನ್ನು ಎಲ್ಲಿಯೂ ಮರ್ಯಾದೆಯಿಂದ ಬಿಡುತ್ತಿರಲಿಲ್ಲ, ಅದು ಬೇರೆ ಮಾತು. ಛತ್ರದಲ್ಲಿ ಸ್ನಾನ ಮುಗಿಸಿದ ಮೇಲೆ ಸುಬ್ಬಮ್ಮ, "ಅಂಗಡಿ ಬೀದಿಲಿ ಒಂದು ಬಿಳಿ ರುಮಾಲು ತಗಂಡ್ರೆ ಆಯ್ತಪ್ಪ" ಎಂದಳು. ಬುದ್ಧಿವಂತಿಕೆಯ ಮಾತು. ನಾನೂ ಹೊರಟೆ. ಆದರೆ ಬೀದಿಯಲ್ಲಿ ನೋಡುತ್ತೇನೆ, ಅರಮನೆಗೆ ಹೊರಟ ಒಬ್ಬೊಬ್ಬರ ತಲೆಯ ಮೇಲೂ ಜರಿಪೇಟ ಝಗಝಗಿಸುತ್ತಿದೆ! ಅವರ ನಡುವೆ ನಾನು ಅಗಸರ ಗಂಟಿನಂಥ ನೂಲು ಬಟ್ಟೆ ಸುತ್ತಿಕೊಂಡು ನಡೆಯುವುದೇ? ಭೂಗೋಳದ ಮೇಷ್ಟ್ರು! ವಾಪಸು ಬಂದೆ. ಆಗ ನಾನು ಏನನ್ನೂ ಕೇಳಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಪೆಟ್ಟಿಗೆಯ ಕಡೆ ನೋಡಿದೆ, ಅಷ್ಟೇ. ಇನ್ನೊಂದು ಸಲ ನೋಡಿದೆ. ನಿಟ್ಟುಸಿರೊಂದು ತಾನಾಗಿಯೇ ಬಂತು.

ಸುಬ್ಬಮ್ಮ ಸೀರೆಯನ್ನು ಆಗಲೇ ಹೊರಗೆ ತೆಗೆದಿದ್ದಳು, ನೆರಿಗೆ ಹಿಡಿಯಲೆಂದು. ನನ್ನನ್ನು ನೋಡಿದಳು, ಸೀರೆಯನ್ನು ನೋಡಿದಳು. "ತಗಳ್ರಿ. ನಾನು ಹೆಂಗ್ಸು, ನನ್ನನ್ಯಾರು ನೋಡ್ತಾರೆ" ಎಂದಳು. ನಾನು "ಛೆ ಛೆ, ಬೇಡ" ಎಂದೆ. ಎರಡನೆಯ ಸಲ ಬೇಡ ಎನ್ನುವಷ್ಟರಲ್ಲಿ ಅವಳ ಮುಂದೆ ಮಣೆಯ ಮೇಲೆ ಕುಳಿತಾಗಿತ್ತು. ಅವಳು ಸೀರೆಯನ್ನು ಉದ್ದಕ್ಕೆ ಮಡಿಸಿ, ಹುರಿ ಮಾಡಿ, ನನ್ನ ತಲೆಯ ಸುತ್ತ ಸುತ್ತುತ್ತ ಹೋದಳು. ಸೀರೆ ಮುಗಿಯಲೇ ಇಲ್ಲ. ತಲೆಯ ಮೇಲೊಂದು ಸಣ್ಣ ಬಣವೆ ಎದ್ದು, ಸೆರಗಿನ ಮಾವಿನಕಾಯಿಗಳು ಬೆನ್ನ ಮೇಲೆ ಜೋತಾಡಿದವು. ಅವಳು ದಿನ ಉಡುವ ನೀಲಿ ನೂಲು ಸೀರೆಯನ್ನೇ ಉಟ್ಟಳು. "ತಲೆ ಜಾಸ್ತಿ ಅಲ್ಲಾಡಿಸ್ಬ್ಯಾಡ್ರಿ, ರೇಷ್ಮೆ ಜಾರ್ತೈತೆ" ಎಂದು ಮಾತ್ರ ಹೇಳಿದಳು.

ಅರಮನೆಯ ಬಾಗಿಲಲ್ಲಿ ಪಹರೆಯವನು ನನ್ನ ತಲೆಯನ್ನು ನೋಡಿ ಸಲಾಮು ಹೊಡೆದ. ಹುಟ್ಟಿದಾಗಿನಿಂದ ನನಗೆ ಯಾರೂ ಸಲಾಮು ಹೊಡೆದಿರಲಿಲ್ಲ. ನನ್ನ ಎದೆ ಪೇಟದಷ್ಟೇ ಉಬ್ಬಿತು. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಹಜಾರದ ಬಾಗಿಲಲ್ಲಿದ್ದ ಇನ್ನೊಬ್ಬ ಸುಬ್ಬಮ್ಮನ ನೂಲು ಸೀರೆಯನ್ನು ನೋಡಿ, "ಏನಮ್ಮಾ, ಆಳುಕಾಳೆಲ್ಲ ಆ ಕಂಬದ ಹಿಂದೆ ನಿಂತ್ಕೋಬೇಕು. ಯಜಮಾನರು ನೋಡಿ ಬರ್ತಾರೆ" ಎಂದ. ಅವಳು ನನ್ನ ಮುಖ ನೋಡಿದಳು. ನಾನು ಆಗ "ಅಲ್ಲಪ್ಪ, ಇವಳು ನನ್ನ ಹೆಂಡತಿ" ಎನ್ನಬೇಕಾಗಿತ್ತು. ಹೇಳಲಿಲ್ಲ. ತಲೆ ಅಲ್ಲಾಡಿಸಿ ಅಲ್ಲವೆನ್ನೋಣವೆಂದರೆ ಪೇಟ ಜಾರುತ್ತದೆ. ಬಾಯಿಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸಲಾಮು ಹೊಡೆಸಿಕೊಂಡ ಬಾಯಿ ಅಷ್ಟು ಬೇಗ ತೆರೆಯುವುದಿಲ್ಲ. ಅವಳು ಸುಮ್ಮನೆ ಹೋಗಿ ಕಂಬದ ಹಿಂದೆ, ಯಾರದೋ ಮಗುವನ್ನೆತ್ತಿಕೊಂಡಿದ್ದ ಆಯಾ ಒಬ್ಬಳ ಪಕ್ಕದಲ್ಲಿ ನಿಂತಳು.

ನಾನು ಹಜಾರದ ನಡುವೆ ನಡೆದೆ. ಹತ್ತಿರದಲ್ಲೇ ನಿಂತಿದ್ದ ಹಿರಿಯ ಅಧಿಕಾರಿಯೊಬ್ಬರು ನನ್ನ ಪೇಟವನ್ನೇ ನೋಡುತ್ತ ಬಂದರು. "ಎಲ್ಲಿಯದು ಸ್ವಾಮಿ ಈ ಪೇಟ? ನೇಯ್ಗೆ ಬಹಳ ಸೊಗಸಾಗಿದೆ" ಎಂದರು. "ಮೊಳಕಾಲ್ಮೂರಿನದು. ನಮ್ಮ ವಂಶದಲ್ಲಿ ಹಿಂದಿನಿಂದಲೂ ಇದನ್ನೇ ಧರಿಸುವುದು" ಎಂದೆ. ನಾಲಿಗೆಗೆ ಎಲುಬಿಲ್ಲ ನೋಡಿ! "ಹಿಂದೆ ಮಾವಿನಕಾಯಿ ಇಳಿಬಿಟ್ಟಿದ್ದೀರಲ್ಲ?" "ಅದು ನಮ್ಮ ಸೀಮೆಯ ಪದ್ಧತಿ." ಪಾಪ, ಅವರು ನಂಬಿದರು. ನಂಬಿ, ನನ್ನನ್ನು ಪಕ್ಕದ ಮಂಟಪದ ಬಾಗಿಲಿಗೆ ಕರೆದೊಯ್ದು, "ಚಾವಣಿ ನೋಡಿ, ಗಾಜಿನಲ್ಲಿ ನವಿಲುಗಳು" ಎಂದು ಕೈಯೆತ್ತಿ ತೋರಿಸಿದರು. ವರ್ಷಗಟ್ಟಲೆ ಮಕ್ಕಳಿಗೆ ಬೊಗಳೆ ಬಿಟ್ಟಿದ್ದ ಚಾವಣಿ! ನಾನು ಎಲ್ಲವನ್ನೂ ಮರೆತು ಕತ್ತು ಹಿಂದಕ್ಕೆ ಚೆಲ್ಲಿ ನೋಡಿದೆ.

ಮೊದಲು ಕಿವಿಗೆ ತಣ್ಣನೆಯ ಗಾಳಿ ತಾಗಿತು. ಆಮೇಲೆ ತಲೆ ಹಗುರವಾಯಿತು. ನವಿಲುಗಳನ್ನು ಬಿಟ್ಟು ಕೆಳಗೆ ನೋಡುವಷ್ಟರಲ್ಲಿ ಹೊಳೆಯುವ ನೆಲದ ಮೇಲೆ ಕೆಂಪು ರೇಷ್ಮೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಓಡುತ್ತಿತ್ತು. ಒಡಲು, ಅಂಚು, ಸೆರಗು, ಏನು ಎತ್ತ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲೋ ಒಬ್ಬಳು ಹೆಂಗಸು ಕಿಸಕ್ಕೆಂದಳು. ದಪ್ಪನೆಯ ಒಬ್ಬ ಮಹಾಶಯರು ಮೇಲೆ ನೋಡುತ್ತ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದರು, ನೇರ ಸೆರಗಿನ ಮೇಲಕ್ಕೆ. ಆಗ ಅರಮನೆ ನಡುಗುವಂತೆ ಕೂಗು ಕೇಳಿತು: "ನಾ ಚೀರ! ಅಯ್ಯೋ, ನಾ ಚೀರ!" ಭಯವಾದಾಗ ಸುಬ್ಬಮ್ಮನಿಗೆ ಬರುವುದು ತವರಿನ ತೆಲುಗೇ. ನನ್ನ ಸೀರೆ, ನನ್ನ ಸೀರೆ ಎನ್ನುತ್ತ ಕಂಬದ ಹಿಂದಿನಿಂದ ಓಡಿ ಬಂದು, ಮಹಾಶಯರನ್ನು ಎರಡೂ ಕೈಯಿಂದ ಪಕ್ಕಕ್ಕೆ ತಳ್ಳಿ, ಸೀರೆಯನ್ನು ಬಾಚಿ ಎದೆಗೊತ್ತಿಕೊಂಡಳು. ನಾನು ಕಲಿಸಿದ್ದ ಮೂರೂ ಪಾಠಗಳು ಒಂದೇ ಸಲಕ್ಕೆ ಮುರಿದುಬಿದ್ದವು.

ಹಿರಿಯ ಅಧಿಕಾರಿಗಳು ಸೀರೆಯನ್ನು ನೋಡಿದರು, ಅವಳನ್ನು ನೋಡಿದರು, ನನ್ನ ಬರಿತಲೆಯನ್ನು ನೋಡಿದರು. "ಈಕೆ ಯಾರು?" "ನಮ್ಮ... ಮನೆಯವಳು." "ಮತ್ತೆ ಆಳುಗಳ ಜೊತೆ ಯಾಕೆ ನಿಂತಿದ್ದರು?" ಭೂಮಿ ಬಾಯಿಬಿಡಲಿ ಎಂದು ಸೀತಮ್ಮ ಯಾಕೆ ಕೇಳಿದಳೆಂದು ಆಗ ತಿಳಿಯಿತು; ಅಮೃತಶಿಲೆಯ ನೆಲವಾದ್ದರಿಂದ ಆ ದಾರಿಯೂ ನನಗೆ ಮುಚ್ಚಿತ್ತು. ಹಿರಿಯರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. ಸುಬ್ಬಮ್ಮನ ಕಡೆ ತಿರುಗಿ, "ತಾಯೀ, ಇದನ್ನು ನೇಯ್ದವರು ಯಾರು?" ಎಂದರು. "ನಮ್ಮ ನಾಯ್ನ" ಎಂದಳು, ಅಪ್ಪ ಎನ್ನುವುದೂ ಮರೆತು. ಅವರು ಒಬ್ಬ ದಾಸಿಯನ್ನು ಕರೆದು, "ಇವರನ್ನು ಒಳಕೋಣೆಗೆ ಕರೆದುಕೊಂಡು ಹೋಗು, ಸೀರೆ ಉಟ್ಟುಕೊಳ್ಳಲಿ. ಆಮೇಲೆ ಎಲ್ಲಾ ತೋರಿಸಿಕೊಂಡು ಬಾ" ಎಂದರು. ಮೊದಲು ಸಲಾಮು ಹೊಡೆದಿದ್ದ ಪಹರೆಯವನು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬರಿತಲೇಲಿ ಇರೋ ಹಂಗಿಲ್ಲ, ನಡೀರಿ" ಎಂದ. ಅದೇ ಸಲಾಮಿನ ಕೈಯಿಂದ ಬಾಗಿಲು ತೋರಿಸಿದ.

ಹೊರಗೆ ಚಪ್ಪಲಿಗಳ ಸಾಲಿನ ಪಕ್ಕದಲ್ಲಿ ಸ್ವಲ್ಪ ನೆರಳಿತ್ತು. ಅಲ್ಲಿಯೇ ಕುಳಿತೆ. ಒಬ್ಬ ಗೃಹಸ್ಥರು ತಮ್ಮ ಜೋಡನ್ನು ನನ್ನ ಮುಂದೆ ಬಿಟ್ಟು, "ಲೇ, ಸ್ವಲ್ಪ ನೋಡ್ಕೊಳ್ಳೋ" ಎಂದು ಒಳಗೆ ಹೋದರು. ಭೂಗೋಳದ ಮೇಷ್ಟ್ರು ನಾನು! ಆ ಜೋಡನ್ನು ನಿಷ್ಠೆಯಿಂದ ಕಾದೆ. ಬಿಸಿಲು ಸರಿದು ನೆತ್ತಿಯ ಮೇಲೆ ಬಂತು. ಕಂಬದ ಹಿಂದೆ ಹೋಗುವ ಮೊದಲು ಅವಳು ನನ್ನನ್ನು ನೋಡಿದ ರೀತಿ ಮತ್ತೆ ಮತ್ತೆ ನೆನಪಾಯಿತು. ಬಹಳ ಹೊತ್ತಿನ ಮೇಲೆ ಸುಬ್ಬಮ್ಮ ಬಂದಳು. ಮತ್ತೆ ನೀಲಿ ನೂಲು ಸೀರೆ. ರೇಷ್ಮೆಯನ್ನು ಅಚ್ಚುಕಟ್ಟಾಗಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. "ಬೀದಿ ಧೂಳಾಗ್ತೈತೆ ಅಂತ ಬಿಚ್ಚಿಟ್ಟೆ" ಎಂದಳು. "ನನ್ನದು ತಪ್ಪಾಯಿತು ಕಣೇ" ಎಂದೆ. "ನಡೀರಿ, ಹಸಿವಾಗ್ತೈತೆ" ಎಂದಳು. ಅಂಗಡಿ ಬೀದಿಯಲ್ಲಿ ಅವಳೇ ನಿಂತು ನನಗೊಂದು ಬಿಳಿ ರುಮಾಲು ಆರಿಸಿ ತೆಗೆಸಿದಳು.

ಬರುವಾಗ ದಾರಿಯಲ್ಲಿ ಪಾಠ ಮಾಡಿದವಳು ಅವಳು, ಕೇಳಿದವನು ನಾನು. ಕಂಬಗಳ ಬಣ್ಣದಿಂದ ಹಿಡಿದು ಬೆಳ್ಳಿ ಬಾಗಿಲ ತನಕ ಒಂದನ್ನೂ ಬಿಡಲಿಲ್ಲ. ನಾನು ಮಕ್ಕಳಿಗೆ ಹೇಳಿಕೊಟ್ಟದ್ದರಲ್ಲಿ ಅರ್ಧಕ್ಕರ್ಧ ತಪ್ಪು ಎಂದು ತಿಳಿಯಿತು. ಸೀದಾ ಊರಿಗೆ ಹೋಗೋಣವೆಂದರೆ ಕೇಳಲಿಲ್ಲ. "ನಾಯ್ನ ಕಾಯ್ತಿರ್ತಾರೆ" ಎಂದು ಗಾಡಿಯನ್ನು ಮೊಳಕಾಲ್ಮೂರಿಗೆ ಹೊಡೆಸಿದಳು. ಮಾವನವರು ಮಗ್ಗ ಬಿಟ್ಟು ಎದ್ದು ಬಂದರು. ಮಗಳು ಸೀರೆಯನ್ನು ಅವರ ಕೈಗಿಟ್ಟಳು. ಅವರು ಅದನ್ನು ಬಿಚ್ಚಿ ನೋಡುವಾಗ ನನ್ನ ಜೀವ ಕೈಗೆ ಬಂದಿತ್ತು; ಎಲ್ಲೂ ಎಳೆ ಎದ್ದಿರಲಿಲ್ಲ. ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಎಲೆಯ ಮುಂದೆ ಕುಳಿತ ಮೇಲೆ ಮಾವನವರು ಆಸೆಯಿಂದ ನನ್ನ ಕಡೆ ತಿರುಗಿದರು. "ನೀವು ಓದಿದೋರು, ಚೆಂದಾಗಿ ಹೇಳ್ತೀರಿ. ಹೇಳ್ರಿ ಮತ್ತೆ, ಅರಮನೆ ಒಳಗೆ ಆ ಸೀರೇಲಿ ನಮ್ ಹುಡುಗಿ ಹೆಂಗ್ ಕಾಣ್ತಿದ್ಲು?"

ಬಡಿಸುತ್ತಿದ್ದ ಸುಬ್ಬಮ್ಮನ ಕೈ ನಿಂತಿತು. ಅರಮನೆಯ ಪಹರೆಯವರು ನೋಡಿದ್ದರು, ದಾಸಿಯರು ನೋಡಿದ್ದರು, ಅರಮನೆಗೆ ಅರಮನೆಯೇ ನೋಡಿತ್ತು. ನೋಡದವನು ನಾನೊಬ್ಬನೇ. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಏನು ಹೇಳಲಿ ಮಾವನವರೇ, ಸಾಕ್ಷಾತ್ ಮಹಾಲಕ್ಷ್ಮಿ..." ಎಂದು ಶುರು ಮಾಡಿದೆ.

"ಅವ್ರನ್ಯಾಕೆ ಕೇಳ್ತೀಯ ನಾಯ್ನಾ" ಎಂದಳು ಸುಬ್ಬಮ್ಮ. ದನಿಯಲ್ಲಿ ಕೋಪವಿರಲಿಲ್ಲ. "ಅವ್ರು ಹೊರಗೆ ಚಪ್ಪಲಿ ಸಾಲಲ್ಲಿ ಕುಂತಿದ್ರು. ಒಳಗೆ ಆಳೆತ್ತರದ ಕನ್ನಡಿ ಐತೆ. ಅದ್ರ ಮುಂದೆ ನಿಂತು ನಾನೇ ನೋಡ್ಕಂಡೆ. ಚೆಂದಿದ್ದೆ."

ಮಾವನವರು ಮಗಳ ಕಡೆ ತಿರುಗಿದರು. "ಅಳಿಯಂದಿರಿಗೆ ಇನ್ನೊಂದು ಹೋಳಿಗೆ ಹಾಕವ್ವ" ಎಂದರು. ಅವಳು ಹಾಕಿದಳು, ಮೇಲೆ ತುಪ್ಪವನ್ನೂ ಬಡಿಸಿದಳು. ನಾನು ತಲೆಯೆತ್ತದೆ ತಿಂದೆ.