ನಮ್ಮ ಕಂಪ್ಯೂಟರಿನ ನಿದ್ದೆ ರೋಗ

ನಮ್ಮ ವಂಶದಲ್ಲಿ ಡಿಗ್ರಿಯ ಮುಖ ಕಂಡ ಮೊದಲಿಗ ನಾನು. ತಿಪಟೂರಿನಲ್ಲಿ ಅಪ್ಪನ ಹಿಟ್ಟಿನ ಗಿರಣಿಯ ಸದ್ದಿನಲ್ಲೇ ಲೆಕ್ಕ ಬಿಡಿಸಿ ಇಂಜಿನಿಯರ್ ಆದವನು. ಅಂಥವನ ಕಡಲಾಚೆಯ ಕೆಂಡಲ್ ಪಾರ್ಕ್ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ತನಗೆ ತಾನೇ ಆಫ್ ಆಗುವುದೆಂದರೇನು! ಅದಕ್ಕೆ ಹೊರಗಿನವರನ್ನು ಕರೆಯುವುದೆಂದರೇನು!

“ರೀ, ಶುಕ್ರವಾರ ನನ್ನ ಇಂಟರ್‌ವ್ಯೂ,” ಅಂದಳು ಹೆಂಡತಿ ವಿಜಯಾ. ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳಿಗೆ ಇಷ್ಟು ವರ್ಷಗಳ ಮೇಲೆ ಬಂದ ಮೊದಲ ಕರೆ. “ಸ್ಕ್ರೀನ್ ಶೇರ್ ಮಾಡಿ ಕೆಲಸ ಮಾಡಿ ತೋರಿಸಬೇಕಂತೆ. ನಿಮ್ಮ ಲ್ಯಾಪ್‌ಟಾಪ್ ಆಫೀಸಿಂದು, ಮುಟ್ಟೋ ಹಾಗಿಲ್ಲ. ಇದು ಮಧ್ಯದಲ್ಲಿ ಕೈಕೊಟ್ರೆ?”

“ನಾನಿದ್ದೀನಲ್ಲೇ!”

“ಅದೇ ಭಯ.”

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ರೋಗಿಯನ್ನು ನಿಗಾದಲ್ಲಿಟ್ಟು ಎದುರಿಗೆ ಕುಳಿತೆ. ಕಿಟಕಿಯಾಚೆ ಸ್ನೋ ಬೀಳುತ್ತಿತ್ತು, ಜರಡಿ ಹಿಡಿದ ಹಿಟ್ಟಿನಂತೆ. ಕಂಪ್ಯೂಟರಿನ ಫ್ಯಾನು ಗುಂಯ್ ಅನ್ನುತ್ತಿತ್ತು. ಗಿರಣಿಯೂ ಹಾಗೇ ಅನ್ನುತ್ತಿತ್ತಲ್ಲವೆ? ಮೆಲ್ಲಗೆ ನಮ್ಮ ಹೆದ್ದಾರಿ ರೂಟ್ ಒನ್ ಮೇಲೆಲ್ಲ ಅಕ್ಕಿಹಿಟ್ಟು ಹರಡಿತು. ಅಪ್ಪ ಮೀಸೆಯವರೆಗೂ ಬೆಳ್ಳಗಾಗಿ ಟ್ರಾಫಿಕ್ ನಿಲ್ಲಿಸಿ ನನಗೆ ದಾರಿ ಬಿಡಿಸುತ್ತಿದ್ದರು. ಎಲ್ಲಿಂದಲೋ ಚಪ್ಪಾಳೆ...

ಕಣ್ಣು ಬಿಟ್ಟರೆ ಸ್ಕ್ರೀನು ಕಪ್ಪು! ರೋಗ ಉಲ್ಬಣಿಸಿದಾಗ ವೈದ್ಯರು ಗೊರಕೆ ಹೊಡೆಯುತ್ತಿದ್ದರು.

ಶಸ್ತ್ರಚಿಕಿತ್ಸೆಗೆ ಡೈನಿಂಗ್ ಟೇಬಲ್ಲಿಗೆ ಸಾಗಿಸುವುದೆಂದು ತೀರ್ಮಾನಿಸಿದೆ. ಮೊದಲು ರೋಗಿಯ ಮೇಲಿದ್ದ ಜರಿ ಶಾಲನ್ನು ಭಕ್ತಿಯಿಂದ ಮಡಿಸಿಟ್ಟೆ. ರಾಜ್ಯೋತ್ಸವದ ಪಾರ್ಕಿಂಗ್ ವ್ಯವಸ್ಥೆಯನ್ನು ವರ್ಷಾನುಗಟ್ಟಲೆ ನಿಭಾಯಿಸಿದ್ದಕ್ಕೆ ಕನ್ನಡ ಸಂಘದವರು ಹೊದಿಸಿದ ಶಾಲು ಅದು. ಬೀರುವಿನಲ್ಲಿಟ್ಟರೆ ಯಾರಿಗೆ ಕಾಣುತ್ತದೆ? ಕಂಪ್ಯೂಟರಿಗೆ ಹೊದಿಸಿದ್ದೆ. ಧೂಳಿಗೆ ತಡೆ, ಅತಿಥಿಗಳಿಗೆ ದರ್ಶನ.

ಹೊಸ ಪವರ್ ಸಪ್ಲೈ ತಂದು ಕೂರಿಸಿದೆ. ಟೇಬಲ್ಲಿನ ಮೇಲೆ ಸಂಜೆಯವರೆಗೂ ಕಂಪ್ಯೂಟರು ನಿರಾತಂಕವಾಗಿ ಓಡಿತು! ವಿಜಯಭೇರಿಯೊಂದಿಗೆ ರೂಮಿಗೆ ಒಯ್ದು, ಶಾಲು ಹೊದಿಸಿ, ಕುಳಿತೆ. ಆಫ್!

ಮತ್ತೆ ಟೇಬಲ್ಲಿಗೆ ತಂದೆ. ಓಡಿತು. ರೂಮಿಗೆ ಒಯ್ದೆ. ಆಫ್!

ಎದುರು ಮನೆಯ ಧಾರವಾಡದ ಪಾಟೀಲ್ ಅಂಕಲ್ ಚಹಾ ಹೀರುತ್ತಾ ತೀರ್ಪು ಕೊಟ್ಟರು: “ಅಲ್ಲಿ ನಡೀತೈತಿ, ಇಲ್ಲಿ ನಡೆಯಂಗಿಲ್ಲ. ಅಂದಮ್ಯಾಗ ಖೋಲಿ ಕರೆಂಟಿಂದೇ ತಪ್ಪು ನೋಡ್ರಿ!”

ಎಂಥಾ ತರ್ಕ! ಅಡುಗೆಮನೆಯಿಂದ ಮೆಟ್ಟಿಲು ಹತ್ತಿಸಿ ರೂಮಿನವರೆಗೆ ಕಿತ್ತಳೆ ಬಣ್ಣದ ಎಕ್ಸ್‌ಟೆನ್ಷನ್ ಕಾರ್ಡ್ ಎಳೆದು, ರೋಗ ವಾಸಿಯಾಯಿತೆಂದು ಘೋಷಿಸಿದೆ. ವಿಜಯಾ ಅದಕ್ಕೆ ಎಡವಿ ಸಾರಿನ ಪಾತ್ರೆ ಅರ್ಧ ಚೆಲ್ಲಿದಳು. ಮಗಳು ತಲೆಯೆತ್ತದೆ, “ಅಪ್ಪಾ, ಜಸ್ಟ್ ಕಾಲ್ ಸಮ್‌ಒನ್,” ಅಂದಳು. ನನ್ನ ಡಿಗ್ರಿಯ ಇತಿಹಾಸ ಈ ಪೀಳಿಗೆಗೆ ಏನು ಗೊತ್ತು!

ಶುಕ್ರವಾರ ಬಂತು. ರಜೆ ಹಾಕಿ, ತಾಂತ್ರಿಕ ಸಲಹೆಗಾರನಾಗಿ ಬಾಗಿಲ ಬಳಿ ನಿಂತೆ. ವಿಜಯಾ ಚೆನ್ನಾಗಿಯೇ ಶುರು ಮಾಡಿದಳು. ಫ್ಯಾನು ಗುಂಯ್ ಅಂತು. ನಾನು ಮತ್ತೆ ತೇಲತೊಡಗಿದೆ. ಸಂಘದ ವೇದಿಕೆ, ಇನ್ನೊಂದು ಶಾಲು, ನಿಧಾನವಾಗಿ ಇಳಿದು ಬರುತ್ತಿದೆ...

ಆಫ್!

ವಿಜಯಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಂಪನಿಯವರಿಗೆ ಫೋನ್ ಮಾಡಿ, ಸ್ವಲ್ಪ ಸಮಯ ಕೊಡಿ ಅಂತ ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಆಮೇಲೆ ಕುರ್ಚಿಯಲ್ಲಿ ಕುಸಿದಳು. ಕಣ್ಣಲ್ಲಿ ನೀರಿತ್ತು.

ಚಳಿಗೆ ಅವಳು ಕೈಗೆ ಸಿಕ್ಕ ಆ ಶಾಲನ್ನೇ ಎಳೆದು ಹೊದ್ದುಕೊಂಡಳು. ಹೊದ್ದವಳು ಅದರ ಅಂಚನ್ನು ಕೆನ್ನೆಗೆ ಒತ್ತಿ ನೋಡಿದಳು.

“ರೀ... ಇದು ಈಗ ತಾನೇ ಕಾವಲಿಯಿಂದ ಇಳಿದ ರೊಟ್ಟಿ ಥರ ಬಿಸಿಯಾಗಿದೆ.”

ನಾನು ಕಂಪ್ಯೂಟರಿನ ಹಿಂದೆ ಕೈಯಿಟ್ಟೆ. ಸುಟ್ಟಿತು! ಗಾಳಿ ಹೊರಹೋಗುವ ಕಿಂಡಿಗಳನ್ನೆಲ್ಲ ನನ್ನ ಸನ್ಮಾನ ಇಷ್ಟು ದಿನ ಮುಚ್ಚಿಕೊಂಡಿತ್ತು.

“ಪಾಪ, ಉಸಿರು ಕಟ್ಟಿ ಮೂರ್ಛೆ ಹೋಗ್ತಿತ್ತು ಕಣ್ರೀ,” ಅಂದಳು. ಅತ್ತ ಕಣ್ಣಲ್ಲೇ ನಕ್ಕಳು. ಅದು ತಣಿದ ಮೇಲೆ ರೂಮಿನ ಗೋಡೆಯ ಪ್ಲಗ್ಗಿಗೇ ಹಾಕಿ ಬಟನ್ ಒತ್ತಿದಳು. ಶಾಲು ಅವಳ ಹೆಗಲ ಮೇಲೆ, ಕಂಪ್ಯೂಟರು ಬರಿಮೈಯಲ್ಲಿ. ಇಂಟರ್‌ವ್ಯೂ ಮತ್ತೆ ಶುರುವಾಗಿ ಮುಗಿಯುವವರೆಗೂ ಓಡಿತು!

“ಬೇರೆಯವರಿಗೆ ಸಿಗದ ದೋಷವೊಂದನ್ನು ನೀವು ಹೇಗೆ ಪತ್ತೆ ಹಚ್ಚಿದಿರಿ, ಒಂದು ಉದಾಹರಣೆ ಕೊಡಿ,” ಅಂತ ಆಚೆಯಿಂದ ಪ್ರಶ್ನೆ ಬಂತು. ವಿಜಯಾ ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ನಾನು ಸದ್ದಿಲ್ಲದೆ ಕಿತ್ತಳೆ ಕಾರ್ಡ್ ಸುತ್ತುತ್ತಾ ಮೆಟ್ಟಿಲಿಳಿದೆ. ಮೇಲಿನಿಂದ ಮೂರು ನಾಲ್ಕು ಜನ ಒಟ್ಟಿಗೆ ನಕ್ಕದ್ದು ಕೇಳಿಸಿತು.

ಕೆಲಸ ಅವಳಿಗೇ ಸಿಕ್ಕಿತು. ಅದು ನನ್ನಿಂದಲೇ ಸಿಕ್ಕಿದ್ದು ಅಂತ ಸಂಘದಲ್ಲಿ ಎಲ್ಲರಿಗೂ ಹೇಳುತ್ತೇನೆ. ಹೇಗೆ ಅಂತ ಯಾರಾದರೂ ಕೇಳಿದರೆ ಮಾತ್ರ, ಪಾರ್ಕಿಂಗ್ ನೋಡಿಕೊಳ್ಳಲು ಓಡಬೇಕಾಗುತ್ತದೆ!