ಬಾಯಿ ಬಿಡದ ಭದ್ರಾವತಿ

ಶಿವಮೊಗ್ಗಕ್ಕೂ ಭದ್ರಾವತಿಗೂ ಮಾತು ನಡೆದಿತ್ತು. ಆದರೆ ಹೇಳಬೇಕಾದ್ದನ್ನು ಮಾತ್ರ ಭದ್ರಾವತಿ ಹೇಳುತ್ತಿರಲಿಲ್ಲ.

ಇವು ಊರುಗಳಲ್ಲ. ಶಿವಮೊಗ್ಗದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನ ಕಂಪ್ಯೂಟರಿನೊಳಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಶಿವಯೋಗಿ ಕಟ್ಟಿದ್ದ ಎರಡು ಸಾಫ್ಟ್‌ವೇರ್ ರೂಟರುಗಳು. ಕೈಗೆ ಸಿಗುವ ಡಬ್ಬವಿಲ್ಲ, ಮಿಣುಕುವ ದೀಪವಿಲ್ಲ, ಎಲ್ಲವೂ ಪರದೆಯ ಮೇಲೆಯೇ. ನನ್ನ ಹಿಂದೆ ಇಂತಿಂಥ ನೆಟ್‌ವರ್ಕುಗಳಿವೆ, ಅಲ್ಲಿಗೆ ಹೋಗುವುದಿದ್ದರೆ ನನ್ನ ಮೂಲಕ ಬನ್ನಿ ಎಂದು ಒಂದು ರೂಟರು ಇನ್ನೊಂದಕ್ಕೆ ಸಾರಬೇಕು. ಭದ್ರಾವತಿ ಅದೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತಿತ್ತು, ಕಾಂಪೌಂಡಿನಾಚೆಯಿಂದ ದಿನಾ ಊಟ ಆಯ್ತಾ ಎಂದು ಕೇಳಿ, ಸೈಟು ಮಾರಿದ ಸುದ್ದಿಯನ್ನು ಮಾತ್ರ ಮುಚ್ಚಿಡುವ ಪಕ್ಕದ ಮನೆಯವರ ಹಾಗೆ.

ಶಿವಯೋಗಿಯ ಮನೆ ಇರುವುದು ನಿಜವಾದ ಭದ್ರಾವತಿಯಲ್ಲಿ. ವರ್ಷಗಟ್ಟಲೆ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಗುತ್ತಿಗೆ ಕೆಲಸ ಮಾಡಿ ಸವೆದಿದ್ದ. ಈಗ ಸಂಸ್ಥೆ ಭದ್ರಾವತಿಯಲ್ಲೂ ಕಾಲೇಜು ತೆರೆಯುತ್ತಿತ್ತು. ಅಲ್ಲಿನ ಲ್ಯಾಬಿಗೆ ಒಂದು ಕಾಯಂ ಹುದ್ದೆ. "ಎರಡೂ ಕಾಲೇಜನ್ನ ಹೇಗೆ ಜೋಡಿಸ್ತೀರಿ ಅಂತ ಒಮ್ಮೆ ಕಂಪ್ಯೂಟರಲ್ಲೇ ತೋರಿಸಿ. ಆಮೇಲೆ ಆ ಪೋಸ್ಟು ನಿಮ್ಮದೇ ಅಂದ್ಕೊಳ್ಳಿ" ಎಂದಿದ್ದರು ಸಂಸ್ಥೆಯ ಕಾರ್ಯದರ್ಶಿ ವೀರಪ್ಪ. ತೋರಿಸಬೇಕಾದ್ದು ಇವತ್ತು ಮಧ್ಯಾಹ್ನ. ಹೆಂಡತಿ ಉಮಾಮಹೇಶ್ವರಿ ಡಬ್ಬಿ ಕೈಗಿಡುತ್ತ, "ಇವತ್ತೊಂದು ಆಗ್ಲಿ. ಇನ್ಮೇಲೆ ಬಿಸಿ ಊಟ ಮನೇಲೇ ಮಾಡ್ತೀರಿ" ಎಂದಿದ್ದಳು.

"ಕೇಬಲ್ ಸಡಿಲ ಇರ್ಬೇಕು ಮಾರಾಯ್ರೆ" ಎಂದ ಅದೇ ಲ್ಯಾಬಿನ ಇನ್ನೊಬ್ಬ ಇನ್‌ಸ್ಟ್ರಕ್ಟರ್ ಯುವರಾಜ್.

"ಇದಕ್ಕೆ ಕೇಬಲ್ಲೇ ಇಲ್ಲ ಕಣ್ರೀ."

ಯುವರಾಜ್ ಮೇಜಿನ ಹಿಂದೆ ಬಗ್ಗಿ, ಸಿಕ್ಕಿದ ಕೇಬಲ್ಲೊಂದನ್ನು ಕಿತ್ತು ಒರೆಸಿ ಮತ್ತೆಲ್ಲೋ ಸಿಕ್ಕಿಸಿದ. ಅದು ಹಾಜರಿ ಮೆಷಿನ್ನಿನದು, ಮೆಷಿನ್ನು ಸತ್ತಿತು. ಬೆರಳು ಒತ್ತಲು ಬಂದವರೆಲ್ಲ ಲ್ಯಾಬಿನ ಬಾಗಿಲಲ್ಲಿ ಜಮಾಯಿಸಿ, ಬಂದದ್ದೇ ಬಂದೆವೆಂದು ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು. ಶಿವಯೋಗಿ ತಲೆ ಕೆಟ್ಟು ಟೀ ಕುಡಿಯಲು ಹೋದ.

ವಾಪಸು ಬಂದಾಗ ರೂಟರುಗಳ ನಡುವೆ ಮಾತೇ ನಿಂತುಹೋಗಿತ್ತು. ಅವನ ಕುರ್ಚಿಯಲ್ಲಿ ಗಣಿತದ ಯಜ್ಞನಾರಾಯಣ ಕೂತಿದ್ದರು. ಆ ಕಾಲೇಜಿನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡು. ಯಾರೂ ಮರೆಯಬಾರದೆಂದು ಅದನ್ನು ಗೋಡೆಗೂ ಅಂಟಿಸಿದ್ದರು.

"ಏನು ಮುಟ್ಟಿದ್ರಿ ಸರ್?"

"ನಿನ್ನ ಶಿವಮೊಗ್ಗದ ನಂಬರು ಕೂಡಿಸಿ ನೋಡಿದೆ ಮಾರಾಯ. ಎಂಟು ಬರುತ್ತೆ. ಶನಿಯದ್ದು. ಕೊನೇ ಅಂಕಿ ಒಂದು ಜಾಸ್ತಿ ಮಾಡಿ ಒಂಬತ್ತಕ್ಕೆ ತಂದಿದೀನಿ."

ಆ ನಂಬರಿನ ಮೇಲೆಯೇ ಒಂದು ರೂಟರು ಇನ್ನೊಂದರ ಗುರುತು ಹಿಡಿಯುವುದು. ನಂಬರು ಬದಲಾದ್ದರಿಂದ ಯಾರೋ ಅಪರಿಚಿತರೆಂದು ಭದ್ರಾವತಿ ಬಾಗಿಲು ಹಾಕಿಕೊಂಡಿತ್ತು. ಶಿವಯೋಗಿ ಹಲ್ಲು ಕಚ್ಚಿಕೊಂಡು ಹಳೆಯ ನಂಬರು ಹಾಕಿ, ಎಲ್ಲರನ್ನೂ ಹೊರಗಟ್ಟಿ, ಡಬ್ಬಿಯನ್ನೂ ಬಿಚ್ಚದೆ ಸಾಲು ಸಾಲಾಗಿ ಓದುತ್ತ ಕೂತ. ಕೊನೆಗೆ ಸಿಕ್ಕಿತು. ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ, ಹೇಳಬಹುದು ಎಂಬ ಅನುಮತಿಯನ್ನು ಬರೆದು ಕೊಡದಿದ್ದರೆ ರೂಟರು ಹೊರಗಿನವರಿಗೆ ಒಂದು ದಾರಿಯನ್ನೂ ಹೇಳುವುದಿಲ್ಲ. ಥೇಟು ಈ ಕಾಲೇಜಿನ ಆಫೀಸಿನ ಬುದ್ಧಿ ಎಂದು ಬೈದುಕೊಂಡು ಎರಡು ಕಡೆಗೂ ಅನುಮತಿಯ ಸಾಲು ಬರೆದ. ಭದ್ರಾವತಿಯ ದಾರಿಗಳೆಲ್ಲ ಒಂದರ ಕೆಳಗೊಂದು ಬಂದು ಕೂತವು. ಅವನಿಗೆ ಅಳುವೇ ಬಂತು.

ವೀರಪ್ಪನವರು ಬಂದು ಕನ್ನಡಕ ಏರಿಸಿ ನೋಡಿದರು.

"ಅಂದ್ರೆ, ಇಲ್ಲಿ ಕೂತೇ ಅಲ್ಲಿದ್ದನ್ನೆಲ್ಲ ನೋಡ್ಕೋಬಹುದು?"

"ಎಲ್ಲಾ ಸರ್. ಅಲ್ಲಿ ಯಾರೂ ಇರೋದೇ ಬೇಡ" ಎಂದ ಶಿವಯೋಗಿ, ಎದೆಯುಬ್ಬಿಸಿ.

"ಒಳ್ಳೇದಾಯ್ತು. ಹಾಗಾದ್ರೆ ಅಲ್ಲೊಂದು ಪೋಸ್ಟು ಯಾಕೆ ದಂಡ? ನೀವೇ ಇಲ್ಲಿಂದ ಎರಡೂ ನೋಡ್ಕೊಳ್ಳಿ."

ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಶಿವಯೋಗಿ ತನ್ನ ಕೈಯಾರೆ ಅನುಮತಿಯ ಸಾಲುಗಳನ್ನು ಅಳಿಸಿದ. ಮಾನ ಮರ್ಯಾದೆ ಬಿಟ್ಟು ಕಾರಿನ ತನಕ ಓಡಿದ.

"ಸರ್, ಮತ್ತೆ ನಿಂತುಹೋಯ್ತು. ಇದು ಹೀಗೇ ಕೈ ಕೊಡುತ್ತೆ. ಭದ್ರಾವತೀಲಿ ಒಬ್ಬರು ಇರ್ಲೇಬೇಕು."

ವೀರಪ್ಪನವರು ಗಂಭೀರವಾಗಿ ಯೋಚಿಸಿದರು.

"ನಿಮ್ಮ ಮಾತು ಸರಿ. ಪೋಸ್ಟು ಇರ್ಲಿ. ಆದ್ರೆ ಕೆಟ್ಟಿದ್ದನ್ನ ಸರಿ ಮಾಡೋಕೆ ಬರೋದು ನಿಮಗೊಬ್ಬರಿಗೇ. ನಿಮ್ಮನ್ನ ಕಳಿಸಿಬಿಟ್ರೆ ಇಲ್ಲಿನ ಗತಿ? ಅಲ್ಲಿಗೆ ಯುವರಾಜ್ ಸಾಕು."

ಕಾರು ಗೇಟು ದಾಟಿತು. ಶಿವಯೋಗಿಗೆ ತನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕೆನ್ನಿಸಿತು. ಸಂಜೆ ಬಸ್ ಸ್ಟಾಂಡಿಗೆ ಹೊರಟವನನ್ನು ಯುವರಾಜ್ ಬೈಕು ನಿಲ್ಲಿಸಿ ಮಾತಾಡಿಸಿದ.

"ಇಲ್ಲಿ ಆಲ್ಕೊಳದ ನನ್ನ ಮನೆಯಿಂದ ದಿನಾ ಭದ್ರಾವತಿಗೆ ಓಡಾಡೋಕೆ ನನ್ನ ಕೈಲಿ ಆಗಲ್ಲ ಮಾರಾಯ್ರೆ. ನಿಮ್ಮನೆ ಪಕ್ಕದಲ್ಲೇ ಬಾಡಿಗೆಗೆ ಒಂದು ಮನೆ ನೋಡಿ. ನನಗೇನಾದ್ರೂ ಗೊತ್ತಾಗ್ದಿದ್ರೆ, ಸಂಜೆ ನೀವು ಬಸ್ಸಿಳಿದು ಬಂದ ತಕ್ಷಣ ಕೇಳ್ತೀನಿ."