ಕೊಸರು ಕಲಿತ ಕಂಪ್ಯೂಟರು

ನನ್ನ ಸೋದರಮಾವ ಜೀವಮಾನದಲ್ಲಿ ಯಾವ ವಸ್ತುವನ್ನೂ ಬರೀ ಒಂದು ತಂದವರಲ್ಲ. ಹೆಂಡತಿಯನ್ನು ಬಿಟ್ಟು ಅನ್ನೋಣವೆಂದರೆ, ಅಲ್ಲೂ ಬಿಟ್ಟಿರಲಿಲ್ಲವಂತೆ! ಕಮಲಾಪುರದಲ್ಲಿ ಹೆಣ್ಣು ನೋಡಿ ಒಪ್ಪಿದವರು, ತಕ್ಕಡಿ ಮುಂದೆ ನಿಂತ ಗಿರಾಕಿಯ ಹಾಗೆ, "ಎಲ್ಲಾ ಛಲೋ ಆಯ್ತು ರೀ, ಕೊಸರು ಏನ್ ಹಾಕ್ತೀರಿ?" ಎಂದರಂತೆ. ಹೆಣ್ಣಿನ ತಂದೆ ನಕ್ಕು, ತೋಟದ ಕೆಂಪು ಬಾಳೆಯ ಗೊನೆಯೊಂದನ್ನು ಹೆಗಲಿಗೆ ಹೊರಿಸಿ ಕಳಿಸಿದರು. "ಆ ಗೊನಿ ಅವತ್ತೇ ಖರ್ಚಾಯ್ತು, ನಾ ಇನ್ನೂ ಉಳದೀನಿ" ಎಂದು ಅತ್ತೆ ಇವತ್ತಿಗೂ ಛೇಡಿಸುತ್ತಾರೆ.

ಈ ಚಟ ಹತ್ತಿದ್ದು ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ದುಡಿಯುತ್ತಿದ್ದಾಗ. ಅಲ್ಲಿ ತೂಗಿದ ಮೇಲೆ ಒಂದು ಹಿಡಿ ಕೊಸರು ಬೀಳದಿದ್ದರೆ ಗಿರಾಕಿ ಚೀಲದ ಬಾಯಿ ಕಟ್ಟುವುದಿಲ್ಲ. ಮಾವ ಅಲ್ಲಿಂದ ಕಪನೂರಿನ ದೊಡ್ಡ ಬೇಳೆ ಕಂಪನಿಗೆ ಖರೀದಿ ಅಧಿಕಾರಿಯಾಗಿ ಬಂದಾಗ ಕೊಸರನ್ನೂ ಜೊತೆಗೆ ಕರೆತಂದರು. ಅದೇ ಕಂಪನಿಯ ಲೆಕ್ಕದ ವಿಭಾಗದಲ್ಲಿರುವ ನಾನು ಕಣ್ಣಾರೆ ಕಂಡಿದ್ದೇನೆ: ಹತ್ತು ಪೊರಕೆ ಬೇಕೆಂದರೆ ಹನ್ನೊಂದು ಬರೆಯುವರು. ಕ್ಯಾಂಟೀನಿಗೂ ಹಾಗೆಯೇ, ಇದ್ದಷ್ಟು ಜನಕ್ಕೆ ಊಟ, ಮೇಲೊಂದು.

"ಅದು ಯಾರಿಗೆ ಮಾಮಾ?"

"ಗೇಟಿನಾಗ ಯಾವನರೆ ಲಾರಿ ಡ್ರೈವರ್ ಹಸ್ಕೊಂಡು ಕುಂತಿರ್ತಾನವ್ವಾ."

ಹೋಗಿ ನೋಡಿದರೆ ಒಬ್ಬ ಕುಳಿತೇ ಇರುತ್ತಿದ್ದ.

ಖರೀದಿ, ಗೋದಾಮು, ಸಂಬಳ, ಸಾಗಣೆ ಎಲ್ಲವನ್ನೂ ಒಂದೇ ಕಡೆ ನಡೆಸುವ ಇಆರ್‌ಪಿ ಎಂಬ ಕಂಪ್ಯೂಟರ್ ವ್ಯವಸ್ಥೆ ನಮ್ಮಲ್ಲಿ ಮೊದಲೇ ಇತ್ತು. ಮಾವ ಅಂಕಿ ತುಂಬುವರು, ಅದು ತೆಪ್ಪಗೆ ಇಟ್ಟುಕೊಳ್ಳುವುದು. ಈಚೆಗೆ ಅದಕ್ಕೆ ಕೃತಕ ಬುದ್ಧಿಮತ್ತೆ ಸೇರಿಸಿದರು. ಹೆಡ್ ಆಫೀಸಿನಿಂದ ಬಂದ ಇಂಜಿನಿಯರ್ ಹುಡುಗಿ, "ನಿಮ್ಮ ಹಳೇ ಆರ್ಡರ್‌ಗಳನ್ನು ನೋಡಿ ಇದೇ ಕಲಿಯುತ್ತೆ, ಇದೇ ಆರ್ಡರ್ ಹಾಕುತ್ತೆ ಸರ್" ಎಂದಳು. ಅಂದರೆ, ಅದು ಪರೀಕ್ಷೆಯಲ್ಲಿ ಪಾಸಾದರೆ ಮಾವನ ಕುರ್ಚಿ ಖಾಲಿ.

ಮಾವನಿಗೆ ಕುರ್ಚಿಯ ಆಸೆ ಇರಲಿಲ್ಲ. "ಮನ್ಯಾಗ ಇಬ್ಬರೇ ಕುಂತು ಏನ್ ಮಾಡೋದವ್ವಾ? ಉಣ್ಣಾಕ ಕುಂತ್ರ ಬಾಜೂಕ ನಾಕ ಮಂದಿ ಬೇಕು ನನಗ" ಎಂದರು. ಹಾಗಂತ ಯಂತ್ರದ ಮೇಲೆ ಸಿಟ್ಟಾದರೇ? ಎಲ್ಲಿಯ ಮಾತು! ದಿನಾ ಮಧ್ಯಾಹ್ನ ಅದಕ್ಕೆ "ಊಟ ಆಯ್ತೇನ್ರೀ?" ಎಂದು ಟೈಪು ಮಾಡುವರು. "ನಾನು ಊಟ ಮಾಡುವುದಿಲ್ಲ. ನಿಮಗೆ ಯಾವ ನೆರವು ಬೇಕು?" ಎಂದು ಅದು ಉತ್ತರಿಸುವುದು. "ಉಪಾಸ ಕುಂತು ದುಡೀಲಾಕತ್ತದ ಪಾಪ" ಎಂದು ಇವರು ಮರುಗುವರು.

ಶಿಷ್ಯ ಗುರುವಿಗೆ ತಕ್ಕವನೇ ಆದ. ಮ್ಯಾನೇಜರಿಗೆ ಹೊಸ ಕುರ್ಚಿ ಬೇಕೆಂದಾಗ ಎರಡು ಬಂದವು. ಪಾಪ, ಅವರು ಯಾವುದರಲ್ಲಿ ಕೂರುವುದೆಂದು ತಿಳಿಯದೆ ದಿನವಿಡೀ ನಿಂತೇ ಇದ್ದರು. ಲಾರಿ ತೂಗುವ ಕಾಟಾ ಕೆಟ್ಟಿತ್ತು, ಹೊಸದೊಂದು ಬೇಕಿತ್ತು. ಅಂಗಳದಷ್ಟು ಅಗಲದ ಕಾಟಾಗಳು ಎರಡು ಟ್ರೇಲರ್ ಮೇಲೆ ಒಂದರ ಹಿಂದೊಂದು ಬಂದು ಗೇಟಿನಲ್ಲಿ ನಿಂತವು!

ಇಂಜಿನಿಯರ್ ಹುಡುಗಿ ಓಡಿ ಬಂದಳು. "ಸರ್, ಪ್ರತಿ ಆರ್ಡರಿನಲ್ಲೂ ಒಂದು ಹೆಚ್ಚು ಯಾಕಿದೆ?"

"ಕೊಸರು ರೀ" ಎಂದರು ಮಾವ, ಮಗ ಪಾಸಾದ ಹೆಮ್ಮೆಯಿಂದ. "ಭಾಳ ಶಾಣ್ಯಾ ಅದ ರೀ ನಿಮ್ಮ ಮಿಶನ್ನು."

ಇನ್ನು ಮಾವನ ಕುರ್ಚಿ ಉಳಿಯಿತು ಎಂದು ನಾನು ಖುಷಿಪಟ್ಟೆ. ಆದರೆ ಆಕೆ ಸಾಮಾನು ಖರೀದಿಯ ಕೊಸರನ್ನೆಲ್ಲ ಸಂಜೆಯೊಳಗೆ ಮರೆಸಿಬಿಟ್ಟಳು. ಯಂತ್ರ ಪಾಸಾಯಿತು, ಮಾವ ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು, ಅತ್ತೆಯ ತವರೂರಲ್ಲೇ ನೆಲೆಸಲು ಕಮಲಾಪುರದ ಬಸ್ಸು ಹತ್ತಿದರು.

ಆಮೇಲೆ ಶುರುವಾಯಿತು ಅತ್ತೆಯ ಫೋನು. "ಉಪ್ಪು ತರ್ರಿ ಅಂದ್ರ, ಸ್ಟಾಕ್ ಎಷ್ಟದ ಅಂತ ಕೇಳ್ತಾರ. ಡಬ್ಬಿಗೊಂದು ನಂಬರ್ ಹಚ್ಯಾರ. ಇವರನ್ನ ಒಂದಿನ ಕರಕೊಂಡು ಹೋಗ ನಮ್ಮವ್ವಾ" ಎಂದರು. ನಗುತ್ತಲೇ ಇದ್ದವರು ದನಿ ತಗ್ಗಿಸಿ, "ತಾಟು ಹಿಡ್ಕೊಂಡು ಬಾಗಿಲ ಕಡಿ ನೋಡ್ಕೋತ ಕುಂತಿರ್ತಾರವ್ವಾ" ಎಂದರು.

ಮೊನ್ನೆ ಯಾವುದೋ ಸಹಿಗೆಂದು ಮಾವ ಬಂದರು, ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. ಊಟದ ಹೊತ್ತು. ಕ್ಯಾಂಟೀನಿನ ಬಾಗಿಲಲ್ಲೇ ನಿಂತರು.

"ಒಳಗ ಬರ್ರಿ ಮಾಮಾ."

"ಬ್ಯಾಡವ್ವಾ. ನಂದು ಈಗ ಲೆಕ್ಕದಾಗ ಇಲ್ಲಲ್ಲ."

ಅಡುಗೆಯವರು ಒಳಗಿನಿಂದಲೇ ಕೂಗಿದರು: "ಒಂದು ತಾಟು ಹೆಚ್ಚಿಗಿ ಅದ ಬರ್ರಿ ಸಾಹೇಬ್ರ. ಕಂಪ್ಯೂಟರ್ ದಿನಾ ಒಂದು ಮ್ಯಾಲೆ ಬರೀತದ. ಇವತ್ತು ಗೇಟಿನಾಗ ಯಾರೂ ಇಲ್ಲ."

ಸಾಮಾನಿನ ಕೊಸರು ತೆಗೆದ ಹುಡುಗಿಗೆ ಊಟದ್ದು ಕಣ್ಣಿಗೆ ಬಿದ್ದಿರಲಿಲ್ಲ. ಮಾವ ನಿಧಾನವಾಗಿ ಬಂದು, ಹಳೆಯ ಗೆಳೆಯರ ನಡುವೆ ಕುಳಿತರು. ರೊಟ್ಟಿ ಮುರಿದರು. "ಇವತ್ತಿನ ಕೊಸರು ನಾನೇ ನೋಡು" ಎಂದು ನಗಲು ಹೋಗಿ, ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. ನಾನು ಅವರ ತಾಟಿಗೆ ಮೇಲೊಂದು ರೊಟ್ಟಿ ಹಾಕಿದೆ.

ಅವರನ್ನು ಬಸ್ಸು ಹತ್ತಿಸಿ ಬಂದು ಕುಳಿತರೆ, ಯಂತ್ರ ನನ್ನ ಪರದೆಯ ಮೇಲೆ ಕೇಳುತ್ತಿತ್ತು: "ಕ್ಯಾಂಟೀನಿನಲ್ಲಿ ಸಿಬ್ಬಂದಿಗಿಂತ ಒಂದು ಊಟ ಹೆಚ್ಚಾಗಿದೆ. ತೆಗೆಯಲೇ?"

ನಾನು ಟೈಪು ಮಾಡಿದೆ: "ಬ್ಯಾಡ್ರೀ, ಇರ್ಲಿ. ಅವರು ಬರ್ತಾರ."